ಚೀಲದ ಮೇಲಿನ ಶೇಕಡಾ, ಕೋಳಿ ಹೊಟ್ಟೆಯ ಲೆಕ್ಕ

ಪ್ರಶ್ನೆ: ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಕಂಪನಿ ಕರಾರಿಗೆ ಸೇರದೆ ಸ್ವಂತಕ್ಕೆ ಮೂರು ಸಾವಿರ ಬ್ರಾಯ್ಲರ್ ಸಾಕುತ್ತೇನೆ. ಫೀಡನ್ನೂ ನಾನೇ ಮಿಲ್ಲಿನಲ್ಲಿ ಬೀಸಿಸಿ ಕಲಸುತ್ತೇನೆ. ಸೋಯಾ ಹಿಂಡಿಯ ರೇಟು ಏರಿದಾಗಲೆಲ್ಲ ನಿದ್ದೆ ಹೋಗುತ್ತದೆ. ನಮ್ಮ ಸುತ್ತ ಕಡಲೆಕಾಯಿ ಹಿಂಡಿ ಬೇಕಾದಷ್ಟು ಸಿಗುತ್ತದೆ, ಅದರಲ್ಲೂ ಸೋಯಾದಷ್ಟೇ ಪ್ರೋಟೀನ್ ಇದೆ ಎನ್ನುತ್ತಾರೆ. ಅಜೋಲಾ, ಹುಳುವಿನ ಪುಡಿ ಎಂದೂ ಕೇಳಿದ್ದೇನೆ. ಮೊನ್ನೆ ಔಷಧಿ ಮಾರುವ ಹುಡುಗನೊಬ್ಬ ಕಿಣ್ವದ ಪೊಟ್ಟಣ ತೋರಿಸಿ, ಇದನ್ನು ಹಾಕಿದರೆ ಟನ್ ಫೀಡಿಗೆ 50 ಕೆಜಿ ಸೋಯಾ ಉಳಿಸಬಹುದು ಎಂದ. ನಂಬಬಹುದೆ? ಇನ್ನೊಂದು ಮಾತು: ಹುಳು ತಿಂದ ಕೋಳಿಯ ಸಾರು ವಾಸನೆ ಬರುವುದಿಲ್ಲವೆ ಎಂದು ನಮ್ಮ ಮನೆಯವರು ಕೇಳುತ್ತಿದ್ದಾರೆ.

ಉತ್ತರ: ಮನೆಯವರ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ‘ಸೋಯಾದಷ್ಟೇ ಪ್ರೋಟೀನ್’ ಎಂದಿರಲ್ಲ, ಮೊದಲು ಆ ಮಾತನ್ನು ಸ್ವಲ್ಪ ಬಿಡಿಸಿ ನೋಡೋಣ.

ಚೀಲದ ಮೇಲೆ ಬರೆದಿರುವ ಪ್ರೋಟೀನ್ ಶೇಕಡಾವನ್ನು ಯಾರೂ ಪ್ರೋಟೀನ್ ಅಳೆದು ಬರೆದಿರುವುದಿಲ್ಲ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ಯೋಹಾನ್ ಕೆಲ್ದಾಲ್ 1883ರಲ್ಲಿ ಒಂದು ಪರೀಕ್ಷೆ ಕಂಡುಹಿಡಿದರು. ಇವತ್ತಿಗೂ ಹೆಚ್ಚಾಗಿ ನಡೆಯುವುದು ಅದೇ. ಅದು ಅಳೆಯುವುದು ಸಾರಜನಕವನ್ನು. ಬಂದ ಅಂಕಿಯನ್ನು 6.25ರಿಂದ ಗುಣಿಸಿ ‘ಪ್ರೋಟೀನ್’ ಎಂದು ಕರೆಯುತ್ತಾರೆ. ಆ ಸಾರಜನಕ ಎಲ್ಲಿಂದ ಬಂತೆಂದು ಪರೀಕ್ಷೆ ಕೇಳುವುದಿಲ್ಲ. ನೂರು ಕೆಜಿ ಹಿಂಡಿಗೆ ಒಂದೇ ಒಂದು ಕೆಜಿ ಯೂರಿಯಾ ಬೆರೆಸಿ ನೋಡಿ, ಕಾಗದದ ಮೇಲಿನ ಪ್ರೋಟೀನ್ ಹತ್ತಿರ ಹತ್ತಿರ 3 ಕೆಜಿಯಷ್ಟು ಮೇಲೇರುತ್ತದೆ. ಎಮ್ಮೆಯಾದರೆ ಆ ಯೂರಿಯಾವನ್ನೂ ಒಂದಿಷ್ಟು ಬಳಸಿಕೊಂಡೀತು, ಕೋಳಿಗೆ ದಕ್ಕುವುದು ಸೊನ್ನೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮಿನ್ ಬೆರೆಸಿ ಎಳೆಯ ಮಕ್ಕಳ ಮೂತ್ರಪಿಂಡ ಕೆಡಿಸಿದವರು ನುಸುಳಿದ್ದೂ ಇದೇ ಸಂದಿಯಲ್ಲಿ.

ಇನ್ನು ಕೋಳಿಯ ಕಡೆಯಿಂದ ನೋಡಿ. ಅದರ ಮೈ ಮಾಂಸ ಕಟ್ಟುವುದು ಅಮೈನೋ ಆಮ್ಲಗಳಿಂದ, ಅದೂ ಗೊತ್ತಾದ ಅಳತೆಯಲ್ಲಿ. ಹೂ ಮಾರುವವರು ನಾಲ್ಕು ಮಲ್ಲಿಗೆಗೆ ಒಂದು ಕನಕಾಂಬರ ಸೇರಿಸಿ ದಂಡೆ ಕಟ್ಟುತ್ತಾರಲ್ಲ, ಹಾಗೆ. ಕನಕಾಂಬರ ಮುಗಿದ ಮೇಲೆ ಬುಟ್ಟಿಯಲ್ಲಿ ಮಲ್ಲಿಗೆ ರಾಶಿ ಬಿದ್ದಿದ್ದರೂ ದಂಡೆ ಅಲ್ಲಿಗೇ ನಿಲ್ಲುತ್ತದೆ. ಮಿಕ್ಕ ಮಲ್ಲಿಗೆ ಸಂಜೆಗೆ ಬಾಡುತ್ತದೆ. ಕೋಳಿಯಲ್ಲಿ ಮಿಕ್ಕ ಅಮೈನೋ ಆಮ್ಲ ಯೂರಿಕ್ ಆಮ್ಲವಾಗಿ ಹಿಕ್ಕೆಯಲ್ಲಿ ಹೋಗುತ್ತದೆ. ಬೆಳಿಗ್ಗೆ ಶೆಡ್ಡಿನ ಪರದೆ ಎತ್ತಿದಾಗ ಕಣ್ಣು ಉರಿಸುವ ಅಮೋನಿಯಾ ಹುಟ್ಟುವುದು ಅದರಿಂದಲೇ. ನೀವು ದುಡ್ಡು ಕೊಟ್ಟು ತಂದ ಪ್ರೋಟೀನಿನ ವಾಸನೆ ಅದು.

ಬ್ರಾಯ್ಲರ್ ಫೀಡಿನಲ್ಲಿ ಕನಕಾಂಬರದ ಜಾಗದಲ್ಲಿರುವವು ಮುಖ್ಯವಾಗಿ ಮೂರು: ಮೆಥಿಯೋನಿನ್, ಲೈಸಿನ್, ಥ್ರಿಯೋನಿನ್. ಮುಸುಕಿನ ಜೋಳದಲ್ಲಿ ಲೈಸಿನ್ ಅತಿ ಕಡಿಮೆ. ಸೋಯಾ ಹಿಂಡಿಯಲ್ಲಿ ನೂರು ಕೆಜಿಗೆ ಸುಮಾರು 2.8 ಕೆಜಿ ಲೈಸಿನ್ ಇದೆ. ಹೀಗಾಗಿ ಇವೆರಡೂ ಚೆನ್ನಾಗಿ ಹೊಂದಿಕೊಂಡುಬಿಟ್ಟವು. ಸೋಯಾದ ದೊಡ್ಡಸ್ತಿಕೆ ಅದರ ಶೇ. 46ಕ್ಕಿಂತ ಈ ಲೈಸಿನ್‌ನಲ್ಲಿದೆ.

ಈಗ ನಿಮ್ಮ ಕಡಲೆಕಾಯಿ ಹಿಂಡಿ. ಎಣ್ಣೆಯನ್ನು ಪೂರ್ತಿ ಹಿಂಡಿ ತೆಗೆದ ಒಳ್ಳೆಯ ಹಿಂಡಿಯಲ್ಲಿ ಪ್ರೋಟೀನ್ ಶೇ. 45ರ ಆಸುಪಾಸು ಇರುವುದು ನಿಜ. ಲೈಸಿನ್ ಮಾತ್ರ ನೂರು ಕೆಜಿಗೆ ಒಂದೂವರೆ ಕೆಜಿ, ಅಂದರೆ ಸೋಯಾದ ಅರ್ಧಕ್ಕೆ ಸ್ವಲ್ಪ ಮೇಲೆ. ಸೋಯಾ ತೆಗೆದು ಅಷ್ಟೇ ತೂಕದ ಕಡಲೆಕಾಯಿ ಹಿಂಡಿ ಸುರಿದರೆ ಚೀಲದ ಲೆಕ್ಕ ಸರಿಹೋಗುತ್ತದೆ, ತಕ್ಕಡಿಯ ಲೆಕ್ಕ ಸರಿಹೋಗುವುದಿಲ್ಲ. ಕೊರತೆಯಾದ 1.3 ಕೆಜಿ ಲೈಸಿನ್ ತುಂಬಲು, ಅಂಗಡಿಯಲ್ಲಿ ಸಿಗುವ ಲೈಸಿನ್ ಪುಡಿ ಸುಮಾರು 1.7 ಕೆಜಿ ಬೇಕು, ಏಕೆಂದರೆ ಆ ಪುಡಿಯಲ್ಲಿ ಲೈಸಿನ್ ಇರುವುದು ಶೇ. 78 ಮಾತ್ರ. ಮೆಥಿಯೋನಿನ್, ಥ್ರಿಯೋನಿನ್‌ಗಳೂ ಸ್ವಲ್ಪ ಸೇರಬೇಕು. ಇವೆಲ್ಲದರ ಬೆಲೆ ಕೂಡಿಸಿದ ಮೇಲೂ ಕಡಲೆಕಾಯಿ ಹಿಂಡಿ ಅಗ್ಗವಾಗಿ ಉಳಿದರೆ ಮಾತ್ರ ಅದು ಅಗ್ಗ.

ಲೈಸಿನ್ ಕೊರತೆಯನ್ನಾದರೂ ದುಡ್ಡು ಕೊಟ್ಟು ತುಂಬಬಹುದು. ಕಡಲೆಕಾಯಿಯ ನಿಜವಾದ ಹೆದರಿಕೆ ಬೂಷ್ಟಿನದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಪಟಪಟನೆ ಸತ್ತವು. ರೋಗ ಯಾವುದೆಂದು ತಿಳಿಯದೆ ‘ಟರ್ಕಿ ಎಕ್ಸ್’ ಎಂದು ಹೆಸರಿಟ್ಟರು. ಕೊನೆಗೆ ಜಾಡು ಹೋಗಿ ನಿಂತದ್ದು ಬ್ರೆಜಿಲ್‌ನಿಂದ ಬಂದಿದ್ದ ಕಡಲೆಕಾಯಿ ಹಿಂಡಿಯ ಮುಂದೆ. ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷಕ್ಕೆ ಅದರ ಹೆಸರಿನಿಂದಲೇ ಅಫ್ಲಟಾಕ್ಸಿನ್ ಎಂಬ ಹೆಸರು ಬಂತು. ಜಗತ್ತಿಗೆ ಈ ವಿಷದ ಪರಿಚಯವಾದದ್ದೇ ಕೋಳಿ ಫೀಡಿನ ಮೂಲಕ. ನಮ್ಮಲ್ಲಿ ಬಿಐಎಸ್ ಗುಣಮಟ್ಟದ ಪ್ರಕಾರ ಕೋಳಿ ಫೀಡಿನಲ್ಲಿ ಅಫ್ಲಟಾಕ್ಸಿನ್ ಬಿ1 ಕೆಜಿಗೆ 20 ಮೈಕ್ರೋಗ್ರಾಂ ದಾಟಬಾರದು. ಒಂದು ಟನ್ನಿಗೆ 20 ಮಿಲಿಗ್ರಾಂ, ಬೆರಳ ತುದಿಯಲ್ಲಿ ಹಿಡಿದರೆ ಒಂದು ಚಿಟಿಕೆಯೂ ಆಗದಷ್ಟು. ಕಣ್ಣಿಗೆ ಬೂಷ್ಟು ಕಾಣದಿದ್ದರೂ ವಿಷ ಇರಬಹುದು, ಬಿಸಿಲಿಗೆ ಒಣಗಿಸಿದರೆ ಬೂಷ್ಟು ಸತ್ತೀತೇ ಹೊರತು ಅದಾಗಲೇ ಉಗುಳಿದ ವಿಷ ಹೋಗುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದ ವರ್ಷದ ಹಿಂಡಿಯನ್ನು ನಾನಾದರೆ ಪರೀಕ್ಷೆ ಮಾಡಿಸದೆ ಮುಟ್ಟುವುದಿಲ್ಲ. ಜೇಡಿಮಣ್ಣಿನ ಜಾತಿಯ ಟಾಕ್ಸಿನ್ ಬೈಂಡರ್‌ಗಳು ಅಫ್ಲಟಾಕ್ಸಿನ್ ವಿಷಯದಲ್ಲಿ ಒಂದಿಷ್ಟು ಕೆಲಸ ಮಾಡುತ್ತವೆ, ಕೆಟ್ಟ ಹಿಂಡಿಯನ್ನು ಒಳ್ಳೆಯದು ಮಾಡಲಾರವು.

ಗಾಣದ ಹಿಂಡಿಯಾದರೆ ಅದರಲ್ಲಿ ಎಣ್ಣೆ ಇನ್ನೂ ಉಳಿದಿರುತ್ತದೆ. ಶಕ್ತಿಯ ಲೆಕ್ಕಕ್ಕೆ ಅದು ಒಳ್ಳೆಯದೇ, ಆದರೆ ಪ್ರೋಟೀನ್ ಅಷ್ಟು ಕಡಿಮೆ, ಮೇಲೆ ಬೇಸಿಗೆಯಲ್ಲಿ ಬೇಗ ಕಮಟುತ್ತದೆ. ಹದಿನೈದು ದಿನಕ್ಕಾಗುವಷ್ಟೇ ತನ್ನಿ.

ಸೋಯಾವನ್ನು ಪೂರ್ತಿ ನಂಬಿ ಕೂರಬೇಕೆಂದು ನಾನು ಹೇಳುತ್ತಿಲ್ಲ. 2021ರ ಬೇಸಿಗೆ-ಮಳೆಗಾಲ ನಿಮಗೆ ನೆನಪಿರಬೇಕು. ಹಿಂಡಿಯ ಬೆಲೆ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕುಲಾಂತರಿ ಆಹಾರವೆಂದರೆ ಮಾರು ದೂರ ನಿಲ್ಲುತ್ತಿದ್ದ ಕೇಂದ್ರ ಸರ್ಕಾರವೇ ಆ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ತರಿಸಿಕೊಳ್ಳಲು ಅನುಮತಿ ಕೊಟ್ಟಿತು. ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡು ಪಾಲು ಫೀಡಿಗೇ ಹೋಗುವ ಧಂದೆಯಲ್ಲಿ ಒಂದೇ ಕಂಬಕ್ಕೆ ಮನೆ ಆನಿಸಿದರೆ ಇದೇ ಗತಿ.

ಬೇರೆ ಹಿಂಡಿಗಳನ್ನು ಬೇಗ ಬೇಗ ನೋಡಿಬಿಡೋಣ. ಸೂರ್ಯಕಾಂತಿಯಲ್ಲಿ ನಮ್ಮ ರಾಜ್ಯವೇ ಮುಂದಿದೆ. ಹಿಂಡಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ, ಲೈಸಿನ್ ಕಡಿಮೆ, ಸಿಪ್ಪೆಯ ನಾರು ವಿಪರೀತ. ಮರಿಯ ಹೊಟ್ಟೆ ನಾರಿನಿಂದಲೇ ತುಂಬಿಹೋಗುತ್ತದೆ. ಎಳ್ಳು ಹಿಂಡಿಯಲ್ಲಿ ಸೋಯಾದಲ್ಲಿ ಕೊರತೆಯಿರುವ ಮೆಥಿಯೋನಿನ್ ಇದೆ, ಹಾಗಾಗಿ ಸೋಯಾ ಜೊತೆ ಒಳ್ಳೆಯ ಜೋಡಿ, ಕಡಲೆಕಾಯಿ ಜೊತೆ ಅಷ್ಟಕ್ಕಷ್ಟೆ. ಹತ್ತಿಕಾಳಿನ ಹಿಂಡಿಯನ್ನು ದನಕ್ಕೆ ಬಿಡಿ. ಅದರ ಗಾಸಿಪಾಲ್ ಲೈಸಿನ್‌ಗೆ ಅಂಟಿಕೊಂಡು ಅದನ್ನೂ ಕೆಡಿಸುತ್ತದೆ. ನಾವು ಪಲ್ಯ ಮಾಡುವ ಗೋರಿಕಾಯಿಯದೊಂದು ಸ್ವಾರಸ್ಯದ ಕಥೆ. ರಾಜಸ್ಥಾನದಲ್ಲಿ ಅದರ ಬೀಜದಿಂದ ಅಂಟು ತೆಗೆದು ತೈಲಬಾವಿ ಕೊರೆಯುವವರಿಗೆ ಮಾರುತ್ತಾರೆ. ಮಿಕ್ಕ ಗ್ವಾರ್ ಕೊರ್ಮಾದಲ್ಲಿ ಪ್ರೋಟೀನ್ ಶೇ. 50ರಷ್ಟಿರುತ್ತದೆ. ಆದರೆ ಉಳಿದ ಒಂದಿಷ್ಟು ಅಂಟು ಕೋಳಿಯ ಕರುಳಿನಲ್ಲಿ ಗಂಜಿ ಕಟ್ಟಿ ಹಿಕ್ಕೆಯನ್ನು ಗೋಂದಿನಂತೆ ಮಾಡುತ್ತದೆ. ಈ ಅಂಟಿನ ಮಾತು ನೆನಪಿರಲಿ, ಕಿಣ್ವದ ಹತ್ತಿರ ಬೇಕಾಗುತ್ತದೆ.

ಈಗ ಸೋಯಾಕ್ಕೆ ನಿಜವಾಗಿ ಪೈಪೋಟಿ ಕೊಡುತ್ತಿರುವುದು ಡಿಡಿಜಿಎಸ್. ಪೆಟ್ರೋಲಿಗೆ ಬೆರೆಸುವ ಎಥನಾಲ್‌ಗಾಗಿ ಅಕ್ಕಿಯನ್ನೋ ಜೋಳವನ್ನೋ ಹುದುಗಿಸಿ ಬಟ್ಟಿ ಇಳಿಸಿದ ಮೇಲೆ ಉಳಿಯುವ ಗಸಿಯನ್ನು ಒಣಗಿಸಿದ ಪುಡಿ ಅದು. ಜೋಳ ಎಥನಾಲ್‌ಗೆ ಹೋಗಿ ಕೋಳಿಯವನ ಕೈಯಿಂದ ಜಾರಿತು, ಅದರ ಗಸಿ ಮಾತ್ರ ತಿರುಗಿ ಬಂತು. ಅಕ್ಕಿಯ ಡಿಡಿಜಿಎಸ್‌ನಲ್ಲಿ ಪ್ರೋಟೀನ್ ಶೇ. 45ರ ಸುಮಾರು, ಜೋಳದ್ದರಲ್ಲಿ ಶೇ. 27–30. ಎರಡು ವಿಷಯ ನೋಡಿಕೊಳ್ಳಿ. ಒಂದು ಟನ್ ಜೋಳದಿಂದ ಬರುವ ಪುಡಿ ಸುಮಾರು 300 ಕೆಜಿ. ಪಿಷ್ಟ ಮಾತ್ರ ಸಾರಾಯಿಯಾಗಿ, ಗಾಳಿಯಾಗಿ ಹೋಗುತ್ತದೆ, ಮಿಕ್ಕದ್ದೆಲ್ಲ ಮೂರು ಪಟ್ಟು ಮಂದವಾಗುತ್ತದೆ. ಪ್ರೋಟೀನ್ ಮೂರು ಪಟ್ಟಾದಂತೆ ಕಾಳಿನಲ್ಲಿದ್ದ ಬೂಷ್ಟಿನ ವಿಷವೂ ಮೂರು ಪಟ್ಟು. ಇನ್ನೊಂದು, ಒಣಗಿಸುವಾಗ ಉರಿ ಜಾಸ್ತಿಯಾದರೆ ಲೈಸಿನ್ ಸಕ್ಕರೆಯ ಜೊತೆ ಸೇರಿ ಸೀದುಹೋಗುತ್ತದೆ. ಬ್ರೆಡ್ಡಿನ ಮೇಲ್ಮೈ ಕಂದಾಗುವ ಅದೇ ಕ್ರಿಯೆ. ಕೆಲ್ದಾಲ್ ಪರೀಕ್ಷೆಯಲ್ಲಿ ಆ ಸೀದ ಲೈಸಿನ್ ಕೂಡ ಪ್ರೋಟೀನ್ ಎಂದೇ ಲೆಕ್ಕಕ್ಕೆ ಬರುತ್ತದೆ, ಕೋಳಿಯಿಂದ ಬಿಡಿಸಿಕೊಳ್ಳಲಾಗುವುದಿಲ್ಲ. ಹೊಂಬಣ್ಣದ, ಹುಳಿಹಿಟ್ಟಿನ ವಾಸನೆಯ ಸರಕು ತೆಗೆದುಕೊಳ್ಳಿ. ಕಾಫಿಪುಡಿಯ ಬಣ್ಣ, ಸುಟ್ಟ ಬೆಲ್ಲದ ವಾಸನೆ ಇದ್ದರೆ ಎಷ್ಟೇ ಅಗ್ಗವಾಗಲಿ, ವಾಪಸ್ ಕಳಿಸಿ.

ಅಜೋಲಾದ ಬಗ್ಗೆ ಸಭೆಗಳಲ್ಲಿ ಬಹಳ ಕೇಳಿರುತ್ತೀರಿ. ಒಣಗಿದ ಅಜೋಲಾದಲ್ಲಿ ಶೇ. 20–25 ಪ್ರೋಟೀನ್ ಇದೆ ಎಂಬುದು ಸುಳ್ಳಲ್ಲ. ತೊಟ್ಟಿಯಿಂದ ಎತ್ತುವ ಹಸಿ ಅಜೋಲಾ ಮಾತ್ರ ನೂರಕ್ಕೆ ತೊಂಬತ್ತಮೂರು ಪಾಲು ನೀರು. ಒಂದು ಕೆಜಿ ಸೋಯಾ ಹಿಂಡಿಯ ಪ್ರೋಟೀನಿಗೆ ಹಸಿ ಅಜೋಲಾ ಸುಮಾರು 30 ಕೆಜಿ ಬೇಕು. ಮೂರು ಸಾವಿರ ಕೋಳಿಗೆ ಎಷ್ಟು ತೊಟ್ಟಿ ಬೇಕೆಂದು ನೀವೇ ಗುಣಿಸಿ. ಹಿತ್ತಲಿನ ಹತ್ತು ಗಿರಿರಾಜ ಕೋಳಿಗೆ ಅದು ಚೆಂದ.

ಹುಳುಗಳ ವಿಷಯ ಬೇರೆ. ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳುವನ್ನು ಒಣಗಿಸಿದರೆ ಶೇ. 40ರ ಆಸುಪಾಸು ಪ್ರೋಟೀನ್, ಮೇಲೆ ದಂಡಿಯಾಗಿ ಕೊಬ್ಬು. ಹುಚ್ಚುದನ ರೋಗದ ನಂತರ ಪ್ರಾಣಿಜನ್ಯ ಪ್ರೋಟೀನನ್ನು ಮೇವಿನಿಂದ ಹೊರಗಿಟ್ಟಿದ್ದ ಯೂರೋಪು ಕೂಡ 2021ರಲ್ಲಿ ಕೋಳಿ, ಹಂದಿಗಳಿಗೆ ಕೀಟದ ಪ್ರೋಟೀನ್ ಕೊಡಲು ಬಾಗಿಲು ತೆರೆಯಿತು. ಅಮೈನೋ ಆಮ್ಲಗಳ ಹೊಂದಿಕೆಯಲ್ಲಿ ಅದು ಯಾವ ಎಣ್ಣೆಕಾಳಿನ ಹಿಂಡಿಗಿಂತಲೂ ಮೀನಿನ ಪುಡಿಗೆ ಹತ್ತಿರ. ಇಲ್ಲೂ ಆ 6.25 ಕಾಡುತ್ತದೆ ನೋಡಿ: ಹುಳುವಿನ ಚಿಪ್ಪಿನ ಕೈಟಿನ್‌ನಲ್ಲೂ ಸಾರಜನಕ ಇದೆ, ಅದು ಪ್ರೋಟೀನ್ ಅಲ್ಲ. ಅದಕ್ಕೇ ಹುಳುವಿಗೆ 4.76ರಿಂದ ಗುಣಿಸುವುದು ಸರಿ ಎಂದು ಸಂಶೋಧಕರು ತೋರಿಸಿದ್ದಾರೆ. ಹಳೆಯ ಲೆಕ್ಕದಲ್ಲಿ 40 ಎಂದದ್ದು ಹೊಸ ಲೆಕ್ಕದಲ್ಲಿ 30ಕ್ಕೆ ಇಳಿಯುತ್ತದೆ. ಕೆಜಿಗೆ ಇಷ್ಟೆಂದು ಬೆಲೆ ಹೇಳುವವರನ್ನು ಯಾವ ಲೆಕ್ಕದ ಶೇಕಡಾ ಎಂದು ಕೇಳಿ.

ಇನ್ನು ಕಿಣ್ವ. ಒಂದು ಕಿಣ್ವ ಒಂದೇ ಬೀಗದ ಕೀಲಿಕೈ. ಬೀಗವೇ ಇಲ್ಲದ ಬಾಗಿಲಿಗೆ ಕೀಲಿಕೈ ಕೊಂಡು ಪ್ರಯೋಜನವಿಲ್ಲ.

ಇದರ ಹಳೆಯ ಉದಾಹರಣೆ ಬಾರ್ಲಿ. ಬಾರ್ಲಿ ತಿಂದ ಮರಿಗಳು ಬೆಳೆಯದೆ ಅಂಟು ಹಿಕ್ಕೆ ಹಾಕುತ್ತಿದ್ದವು. 1957ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು ಬಾರ್ಲಿಗೆ ಕಿಣ್ವ ಬೆರೆಸಿ ಅದೇ ಮರಿಗಳನ್ನು ಬೆಳೆಸಿ ತೋರಿಸಿದರು. ಬಾರ್ಲಿಯ ಬೀಟಾ ಗ್ಲುಕನ್ ಎಂಬ ನಾರು ಕರುಳಿನಲ್ಲಿ ಲೋಳೆ ಕಟ್ಟುತ್ತದೆ; ಗ್ಲುಕನೇಸ್ ಆ ಸರಪಳಿ ಕತ್ತರಿಸುತ್ತದೆ, ಲೋಳೆ ನೀರಾಗುತ್ತದೆ. ಗೋಧಿಯ ಬೀಗಕ್ಕೆ ಕ್ಸೈಲನೇಸ್. ಗೋರಿಕಾಯಿ ಅಂಟಿಗೆ ಮ್ಯಾನನೇಸ್. ನಿಮ್ಮ ಜೋಳ–ಸೋಯಾದಲ್ಲಿ ಇಂಥ ಲೋಳೆಯೇ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಯೂರೋಪಿನ ಗೋಧಿ ಕೋಳಿಯ ಮೇಲೆ ತೆಗೆದ ಫಲಿತಾಂಶದ ಬಣ್ಣದ ಚಿತ್ರ ತೋರಿಸಿದರೆ ಮರುಳಾಗಬೇಡಿ. ನೀವು ಎಣ್ಣೆ ತೆಗೆದ ಅಕ್ಕಿ ತೌಡು, ಸೂರ್ಯಕಾಂತಿ, ಡಿಡಿಜಿಎಸ್ ಬಳಸಲು ಶುರುಮಾಡಿದ ದಿನ ಕ್ಸೈಲನೇಸ್‌ಗೆ ಕೆಲಸ ಸಿಗುತ್ತದೆ.

ಎಲ್ಲ ಫೀಡಿನಲ್ಲೂ ಬೀಗ ಇರುವುದು ಒಂದಕ್ಕೆ ಮಾತ್ರ, ಅದು ಫೈಟೇಸ್. ಕಾಳಿನಲ್ಲಿರುವ ರಂಜಕದಲ್ಲಿ ಸುಮಾರು ಮೂರನೇ ಎರಡು ಪಾಲು ಫೈಟೇಟ್ ರೂಪದಲ್ಲಿ ಕಟ್ಟಿಹಾಕಿರುತ್ತದೆ. ಕೋಳಿಗೆ ಅದನ್ನು ಬಿಚ್ಚುವ ಶಕ್ತಿ ತೀರಾ ಕಡಿಮೆ. ಕಾಳಿನಲ್ಲಿ ರಂಜಕ ಇದ್ದೂ ನಾವು ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಪುಡಿ ಕೊಂಡು ಸುರಿಯುತ್ತೇವೆ, ಕಾಳಿನದು ಹಿಕ್ಕೆಯಲ್ಲಿ ಹೋಗುತ್ತದೆ. ಹಿಕ್ಕೆ ಗೊಬ್ಬರದ ರಂಜಕ ನೀರಿಗಿಳಿದು ತೊಂದರೆಯಾದ ನೆದರ್‌ಲೆಂಡ್ಸ್‌ನಲ್ಲಿ 1991ರಲ್ಲಿ ಮೊದಲ ಫೈಟೇಸ್ ಮಾರುಕಟ್ಟೆಗೆ ಬಂತು. ಕೆಜಿ ಫೀಡಿಗೆ 500 ಘಟಕದ ಲೆಕ್ಕದಲ್ಲಿ ಹಾಕಿದರೆ ಟನ್ನಿಗೆ ಐದಾರು ಕೆಜಿ ಡಿಸಿಪಿ ಕಡಿಮೆ ಮಾಡಬಹುದು. ಪೊಟ್ಟಣದ ಕಿಣ್ವಗಳಲ್ಲಿ ನಾನು ಎರಡನೇ ಯೋಚನೆ ಇಲ್ಲದೆ ಹಾಕಿ ಎನ್ನುವುದು ಇದೊಂದನ್ನೇ.

ಈಗ ಆ ಹುಡುಗನ 50 ಕೆಜಿ. ಅವನು ತೋರಿಸಿದ್ದು ಪ್ರೋಟೀನನ್ನು ಕತ್ತರಿಸುವ ಪ್ರೋಟಿಯೇಸ್ ಇರಬೇಕು. ಪೆನ್ನು ಹಿಡಿಯಿರಿ. ಟನ್ ಫೀಡಿನಲ್ಲಿ 280 ಕೆಜಿ ಸೋಯಾ ಎಂದರೆ ಪ್ರೋಟೀನ್ 129 ಕೆಜಿ. ಚೆನ್ನಾಗಿ ಬೆಂದ ಸೋಯಾದಲ್ಲಿ ಶೇ. 89ರಷ್ಟನ್ನು ಕೋಳಿ ತಾನೇ ಅರಗಿಸಿಕೊಳ್ಳುತ್ತದೆ. ಅರಗದೆ ಉಳಿಯುವುದು 14 ಕೆಜಿ. ಸುಮಾರು 620 ಕೆಜಿ ಜೋಳದಲ್ಲಿ ಅರಗದ್ದು ಇನ್ನೊಂದು 7 ಕೆಜಿ. ಒಟ್ಟು 21. ಪ್ರೋಟಿಯೇಸ್‌ಗೆ ಕೆಲಸ ಇರುವುದು ಈ 21 ಕೆಜಿಯ ಮೇಲೆ ಮಾತ್ರ. ಅವನು ತೆಗೆಯಲು ಹೇಳಿದ 50 ಕೆಜಿ ಸೋಯಾದಲ್ಲಿ ಅರಗುವ ಪ್ರೋಟೀನ್ ಎಷ್ಟು? ಇಪ್ಪತ್ತೂವರೆ ಕೆಜಿ. ಅಂದರೆ ಅವನ ಪುಡಿ ಹಾಕಿದ ಮೇಲೆ ಹಿಕ್ಕೆಯಲ್ಲಿ ಅರಗದ ಕಾಳಿನ ಪ್ರೋಟೀನ್ ಒಂದು ಚಿಟಿಕೆಯೂ ಇರಬಾರದು! ಆ 21 ಕೆಜಿಯ ಮೂರನೇ ಒಂದು ಪಾಲು ಹಿಂಡಿಕೊಟ್ಟರೂ ಅದು ಒಳ್ಳೆಯ ಪ್ರೋಟಿಯೇಸ್. ಆಗ ಉಳಿಯುವುದು 15–17 ಕೆಜಿ ಸೋಯಾ. ಅದರ ಬೆಲೆ ಪೊಟ್ಟಣದ ಬೆಲೆಗಿಂತ ಹೆಚ್ಚಿದ್ದರೆ ಕೊಳ್ಳಿ.

ಆದರೂ ಕೆಲವರು 50 ಕೆಜಿ ತೆಗೆದು ಕೋಳಿ ಬೆಳೆಸಿರುತ್ತಾರೆ, ಸುಳ್ಳು ಹೇಳುತ್ತಿರುವುದಿಲ್ಲ. ಅವರ ಚೀಟಿಯನ್ನು ಪೂರ್ತಿ ಓದಿ. ಕಿಣ್ವದ ಕೆಳಗೆ ‘ಲೈಸಿನ್ ಇಷ್ಟು, ಮೆಥಿಯೋನಿನ್ ಇಷ್ಟು ಹೆಚ್ಚಿಸುವುದು’ ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಲಸ ಮಾಡಿದ್ದು ಲೈಸಿನ್, ಹೆಸರು ಬಂದದ್ದು ಕಿಣ್ವಕ್ಕೆ.

ಮತ್ತೊಂದು ತಪ್ಪು ದೊಡ್ಡ ಫೀಡ್ ಮಿಲ್ಲುಗಳಲ್ಲೂ ಆಗುತ್ತದೆ. ಫೈಟೇಸ್ ಇಷ್ಟು ಉಳಿಸುತ್ತದೆ, ಕ್ಸೈಲನೇಸ್ ಇಷ್ಟು, ಪ್ರೋಟಿಯೇಸ್ ಇಷ್ಟು ಎಂದು ಮೂರು ಕಂಪನಿಯ ಮೂರು ಅಂಕಿ ಕೂಡಿಸಿ ಅಷ್ಟನ್ನೂ ಫೀಡಿನಿಂದ ಕಳೆಯುವುದು. ಮೂವರೂ ಲೆಕ್ಕ ಹಿಡಿದಿರುವುದು ಅರಗದೆ ಮಿಕ್ಕ ಅದೇ ಪಾಲನ್ನು. ಒಂದೇ ಹಸುವಿನ ಹಾಲನ್ನು ಮೂವರಿಗೆ ಮಾರಿದಂತೆ.

ನಿಮ್ಮದು ಹಿಟ್ಟಿನ ಫೀಡಾದ್ದರಿಂದ ಒಂದು ಅನುಕೂಲ ಇದೆ. ಪೆಲೆಟ್ ಮಾಡುವಾಗ 80–90 ಡಿಗ್ರಿ ಹಬೆಗೆ ಸಾಮಾನ್ಯ ಕಿಣ್ವ ಸತ್ತುಹೋಗುತ್ತದೆ, ಅಲ್ಲಿ ಶಾಖ ತಡೆಯುವ ದುಬಾರಿ ಜಾತಿಯೇ ಬೇಕು. ನಿಮಗೆ ಆ ಚಿಂತೆಯಿಲ್ಲ, ಬೆರಕೆಯ ಚಿಂತೆ ಇದೆ. ಟನ್ನಿಗೆ ನೂರು ಗ್ರಾಂ ಪುಡಿಯನ್ನು ನೇರ ಮಿಕ್ಸರಿಗೆ ಎಸೆದರೆ ಒಂದು ಮೂಲೆಯ ಕೋಳಿಗೆ ಸಿಕ್ಕೀತು, ಇನ್ನೊಂದು ಮೂಲೆಯದಕ್ಕಿಲ್ಲ. ಮೊದಲು ಅರ್ಧ ಕೆಜಿ ಜೋಳದ ಹಿಟ್ಟಿನಲ್ಲಿ ಕಲಸಿ, ಅದನ್ನು ಐದು ಕೆಜಿಯಲ್ಲಿ, ಆಮೇಲೆ ಐವತ್ತರಲ್ಲಿ ಬೆರೆಸಿ ಮಿಕ್ಸರಿಗೆ ಹಾಕಿ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲ ಮೂರು ವಾರದ ಫೀಡನ್ನು ಮುಟ್ಟುತ್ತಿರಲಿಲ್ಲ. ಮರಿ ತಿನ್ನುವುದೇ ಸ್ವಲ್ಪ, ಅಲ್ಲಿ ಉಳಿಸುವ ದುಡ್ಡೂ ಸ್ವಲ್ಪ, ಕೆಟ್ಟರೆ ಮಾತ್ರ ಇಡೀ ಬ್ಯಾಚ್ ಕೆಡುತ್ತದೆ. ಫಿನಿಷರ್‌ನಲ್ಲಿ, ಅಂದರೆ ಕೊನೆಯ ಹಂತದ ಫೀಡಿನಲ್ಲಿ, ಟನ್ನಿನ 280 ಕೆಜಿ ಸೋಯಾದಲ್ಲಿ 75 ಕೆಜಿ ತೆಗೆದು ಆ ಜಾಗಕ್ಕೆ ಪರೀಕ್ಷೆ ಮಾಡಿಸಿದ ಅಷ್ಟೇ ಕಡಲೆಕಾಯಿ ಹಿಂಡಿ, ಜೊತೆಗೆ ಒಂದೂಕಾಲು ಕೆಜಿ ಲೈಸಿನ್ ಪುಡಿ, ಒಂದಿಷ್ಟು ಮೆಥಿಯೋನಿನ್, ಥ್ರಿಯೋನಿನ್, ಮತ್ತು ಫೈಟೇಸ್. ನಿಖರ ಅಳತೆಯನ್ನು ನಿಮ್ಮ ಹಿಂಡಿಯ ಪರೀಕ್ಷೆಯ ಕಾಗದ ಹಿಡಿದು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪಶು ಆಹಾರ ವಿಭಾಗದವರಿಂದ ಹಾಕಿಸಿಕೊಳ್ಳಿ. ಶೆಡ್ಡಿನ ಮಧ್ಯೆ ಜಾಲರಿ ಕಟ್ಟಿ ಅರ್ಧಕ್ಕೆ ಹಳೆಯ ಫೀಡು, ಅರ್ಧಕ್ಕೆ ಹೊಸದು ಕೊಟ್ಟು, ಎರಡೂ ಕಡೆ ತಿಂದ ಚೀಲ ಮತ್ತು ಮಾರಿದ ತೂಕ ಬರೆದಿಡಿ. ಪೊಟ್ಟಣ ಮಾರುವ ಹುಡುಗ ಮತ್ತೆ ಬಂದರೆ ಅವನಿಗೂ ಅದೇ ಜಾಲರಿ ತೋರಿಸಿ.

ಮನೆಯವರ ಪ್ರಶ್ನೆಗೆ: ಹುಳುವಿನಿಂದ ಸಾರು ವಾಸನೆ ಬರುವುದಿಲ್ಲ, ಅವರೇ ಮೆಚ್ಚಿ ಮಾಡುವ ನಾಟಿಕೋಳಿ ದಿನವಿಡೀ ತಿಪ್ಪೆ ಕೆದಕಿ ತಿನ್ನುವುದು ಹುಳುವನ್ನೇ. ವಾಸನೆ ಬರುವುದು ಮೀನಿನಿಂದ. ಮಂಗಳೂರು ಕಡೆಯ ಬೂತಾಯಿ ಪುಡಿಯನ್ನು ಮಾರುವ ದಿನದವರೆಗೂ ಹೆಚ್ಚಾಗಿ ತಿನ್ನಿಸಿದರೆ ಮಾಂಸಕ್ಕೆ ಅದರ ವಾಸನೆ ಹತ್ತುತ್ತದೆ. ನೀವು ಅದನ್ನೇನಾದರೂ ಹಾಕುತ್ತಿದ್ದರೆ ಕೊನೆಯ ಎರಡು ವಾರ ನಿಲ್ಲಿಸಿ.